ಅಕ್ಕೋರು ಆರಿಸಿದ ವೈಫೈ ಡಬ್ಬಿ

ನಮ್ಮ ಓಣಿಯಲ್ಲಿ ಯಾರ ಮನೆಗೆ ಹೊಸ ವಸ್ತು ಬಂದರೂ ಅದನ್ನು ಮೊದಲು ಬೋರಲು ಹಾಕಿ ನೋಡುವವರು ಅಕ್ಕೋರು. ಮಿಕ್ಸರ್ ಇರಲಿ, ಇಸ್ತ್ರಿಪೆಟ್ಟಿಗೆ ಇರಲಿ, ದೇವರ ಮುಂದಿಡುವ ಕರೆಂಟಿನ ದೀಪವೇ ಇರಲಿ, ಮನೆಯವರು ಮುಖ ಅರಳಿಸಿ ಹೇಗಿದೆ ಎಂದು ಕೇಳುವಷ್ಟರಲ್ಲಿ ಅವರು ತಳ ಮೇಲೆ ಮಾಡಿ, ಕನ್ನಡಕ ಹಣೆಗೇರಿಸಿ, ಅಲ್ಲಿ ಅಂಟಿಸಿದ ಸಣ್ಣಕ್ಷರದ ಚೀಟಿಯನ್ನು ಓದುತ್ತಿರುತ್ತಿದ್ದರು. ಚಂದ ಇದೆ ಎಂಬ ಒಂದು ಮಾತು ಆ ಬಾಯಿಂದ ಬರುತ್ತಿರಲಿಲ್ಲ. ಒಳಗೇನಿದೆ, ಯಾರು ಮಾಡಿದ್ದು, ಕೆಟ್ಟರೆ ಬಿಚ್ಚಲು ಬರುತ್ತದೋ ಇಲ್ಲಾ ಅಂಟು ಹಾಕಿ ಮುಚ್ಚಿಬಿಟ್ಟಿದ್ದಾರೋ, ಇಷ್ಟೇ ಪ್ರಶ್ನೆ. ಹೊಸದು ತಂದ ಖುಷಿಯಲ್ಲಿದ್ದವರಿಗೆ ಇದರಿಂದ ಎಷ್ಟು ಸಿಟ್ಟು ಬರುತ್ತದೆ ಎಂಬುದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಅವರು ತೀರಿಕೊಂಡು ವರ್ಷವಾಗುತ್ತ ಬಂತು. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನೆಲ್ಲ ಅಕ್ಕೋರು ಎಂದೇ ಕರೆಯುತ್ತಾರೆ. ಆದರೆ ರಬಕವಿಯ ನಮ್ಮ ಓಣಿಯಲ್ಲಿ ಬರೀ ಅಕ್ಕೋರು ಅಂದರೆ ಅವರೊಬ್ಬರೇ. ದಿನಾ ಬಸ್ಸಿನಲ್ಲಿ ಹೋಗಿಬಂದು ಜಮಖಂಡಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ನಿವೃತ್ತಿಯಾದ ಮೇಲೆ ತಮ್ಮನ ಸಂಸಾರದ ಜೊತೆಗಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, ಕೇಳಿದವರ ಮದುವೆ ಹೇಗೆ ಕೂಡಿತು, ಮೊದಲು ಒಪ್ಪಿದವರು ಯಾರು, ಒಪ್ಪದವರನ್ನು ಒಪ್ಪಿಸಿದ್ದು ಹೇಗೆ ಎಂದು ಎಷ್ಟು ಆಸಕ್ತಿಯಿಂದ ತಿರುಗಿ ಕೇಳುತ್ತಿದ್ದರೆಂದರೆ, ಬಂದವರು ತಮ್ಮದೇ ಕಥೆ ಹೇಳಿ ಮುಗಿಸಿ, ಚಹಾ ಕುಡಿದು ಎದ್ದು ಹೋಗುತ್ತಿದ್ದರು.

ನಾನು ಅನಗವಾಡಿಯವಳು, ಹೊಳೆದಂಡೆಯ ಊರಿನಿಂದ ಇಲ್ಲಿಗೆ ಸೊಸೆಯಾಗಿ ಬಂದವಳು. ಬಂದ ವಾರದಲ್ಲೇ ನನ್ನ ತವರಿನ ಮಿಕ್ಸರನ್ನು ಅಕ್ಕೋರು ಹತ್ತು ಮಂದಿಯ ಎದುರು ಬೋರಲು ಹಾಕಿದರು. ಮೂತಿ ಉಬ್ಬಿಸಿಕೊಂಡು ನಿಂತಿದ್ದೆ. ಅವರು ನನ್ನ ಮುಖ ನೋಡಲೇ ಇಲ್ಲ. ಇದರ ಮೋಟರಿನ ಒಳಗಿನ ಬ್ರಶ್ಶು ಒಂದಿನ ಸವೆಯುತ್ತದೆ, ಆಗ ಹೊಸ ಮಿಕ್ಸರ್ ತರಬೇಡ, ನನ್ನನ್ನು ಕರಿ ಎಂದು ಹೇಳಿ ಹೋದರು. ಈ ಹೆಂಗಸಿಗೆ ತಲೆ ಸರಿ ಇದೆಯೋ ಇಲ್ಲವೋ ಎಂದು ಅತ್ತೆಯನ್ನು ಕೇಳಿದೆ. ಅತ್ತೆ ನಕ್ಕು, ತಲೆ ಸ್ವಲ್ಪ ಹೆಚ್ಚೇ ಸರಿ ಇದೆ ಎಂದರು.

ಗೊತ್ತಿಲ್ಲದ ಸಂಗತಿ ಕಂಡರೆ ಅವರಿಗೆ ಹಬ್ಬ. ಒಮ್ಮೆ ಓಣಿಯವರೆಲ್ಲ ಸೇರಿ ಚಿಕ್ಕಪಡಸಲಗಿಯ ಬ್ಯಾರೇಜಿಗೆ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ನಾವೆಲ್ಲ ನೀರು ನೋಡುತ್ತ ರೊಟ್ಟಿ ಬಿಚ್ಚಿದರೆ, ಅಕ್ಕೋರು ಬ್ಯಾರೇಜಿನ ಮೇಲೆ ನಿಂತಿದ್ದ ಒಬ್ಬ ಮನುಷ್ಯನನ್ನು ಹಿಡಿದುಕೊಂಡು, ಗೇಟುಗಳಲ್ಲಿ ಯಾವುದನ್ನು ಮೊದಲು ಎತ್ತುತ್ತೀರಿ, ನಡುವಿನದನ್ನೇ ಯಾಕೆ ಎತ್ತುವುದಿಲ್ಲ ಎಂದು ಕೇಳುತ್ತ ನಿಂತರು. ಅವನು ಗೊತ್ತಿಲ್ಲ ಎಂದ. "ಗೊತ್ತಿಲ್ಲ ಅನ್ನೂದು ಉತ್ತರ ಅಲ್ಲಪಾ, ನೋಡೂನು ಅನ್ನೂದು ಉತ್ತರ" ಎಂದರು. ಈ ಮಾತು ಅವರ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ. ನಾವು ಕೈ ತೊಳೆದ ಮೇಲೆ ಬಂದು, ತಣ್ಣಗಾದ ಬದನೆಕಾಯಿ ಪಲ್ಯದ ಜೊತೆ ರೊಟ್ಟಿ ತಿಂದರು.

ಈ ಅಕ್ಕೋರಿಗೂ ನನಗೂ ನಿಜವಾದ ಗೆಳೆತನವಾದದ್ದು ನನ್ನ ಕೆಲಸದ ದೆಸೆಯಿಂದ. ಆಸ್ಪತ್ರೆಯ ಖರ್ಚಿಗೆ ವಿಮೆ ಮಾಡುವ ಒಂದು ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತು. ರೋಗಿಗಳ ಮನೆಯವರು ಫೋನ್ ಮಾಡುತ್ತಾರೆ, ನಾನು ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕುಳಿತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕನ್ನಡದಲ್ಲಿ ಉತ್ತರ ಹೇಳಬೇಕು. ಆ ಫೋನೂ ಇಂಟರ್‌ನೆಟ್ಟಿನ ಮೂಲಕವೇ ಬರುವುದು. ಮೊದಲ ಮೂರು ತಿಂಗಳು ಪರೀಕ್ಷೆ. ಬಿ.ಎ. ಮಾಡಿ ಸುಮ್ಮನೆ ಕುಳಿತಿದ್ದ ನನಗೆ ಆ ಕೆಲಸ ಎಷ್ಟು ಬೇಕಾಗಿತ್ತೆಂದರೆ, ಹೇಳಿಕೊಳ್ಳಲೂ ನಾಚಿಕೆ ಆಗುವಷ್ಟು ಬೇಕಾಗಿತ್ತು.

ನಮ್ಮದು ನೇಕಾರರ ಮನೆ. ಮುಂದಿನ ದೊಡ್ಡ ಖೋಲಿಯಲ್ಲಿ ಪವರ್‌ಲೂಮುಗಳು ದಿನವಿಡೀ ಖಟಖಟ ಎನ್ನುತ್ತಿರುತ್ತವೆ, ಅಲ್ಲಿ ಕುಳಿತು ಫೋನಿನಲ್ಲಿ ಮಾತಾಡುವುದು ದೂರ ಉಳಿಯಿತು, ಎದುರಿಗಿದ್ದವರ ಮಾತೇ ಕೇಳುವುದಿಲ್ಲ. ಹಾಗಾಗಿ ನಾನು ಹಿಂದಿನ ಖೋಲಿ ಹಿಡಿದೆ. ಅದಕ್ಕೂ ಮುಂದಿನದಕ್ಕೂ ನಡುವೆ ನಡುಮನೆ, ಆಚೆ ಈಚೆ ಕಲ್ಲುಮಣ್ಣಿನ ದಪ್ಪ ಗೋಡೆಗಳು. ಇಂಟರ್‌ನೆಟ್ಟಿನವರು ಕೊಟ್ಟ ಡಬ್ಬಿ ಮುಂಬಾಗಿಲ ಬಳಿ. ಅದರ ವೈಫೈ ಹಿಂದಿನ ಖೋಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತಿತ್ತು. ಮಾತಾಡುತ್ತ ಮಾತಾಡುತ್ತ ಧ್ವನಿ ಕಡಿಯುತ್ತಿತ್ತು. ಆ ಕಡೆ ಆಸ್ಪತ್ರೆಯ ಕೌಂಟರಿನ ಮುಂದೆ ನಿಂತವರು ಹಲೋ ಹಲೋ ಎಂದು ಒದರುತ್ತಿದ್ದರು, ಈ ಕಡೆ ನಾನು ಒದರುತ್ತಿದ್ದೆ. ಕಂಪನಿಯವರು ಎರಡು ಸಲ ಎಚ್ಚರಿಕೆ ಕೊಟ್ಟರು. ಮೂರನೆಯ ತಿಂಗಳ ಕೊನೆಯ ಸೋಮವಾರ ಒಬ್ಬ ಅಧಿಕಾರಿ ನನ್ನ ಕರೆಗಳನ್ನು ಕುಳಿತು ಕೇಳುವುದಿತ್ತು. ಅವತ್ತೂ ಧ್ವನಿ ಕಡಿದರೆ ಕೆಲಸ ಹೋಯಿತು ಎಂದೇ ಅರ್ಥ.

ಅತ್ತೆ ಕೆಟ್ಟವರಲ್ಲ. ಆದರೆ ಅವರ ದೃಷ್ಟಿಯಲ್ಲಿ ಘಳಿಗೆಗೊಮ್ಮೆ ಕಡಿಯುವ ಕೆಲಸ ಕೆಲಸವೇ ಅಲ್ಲ. ಮಗ್ಗದ ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತಲು ಮನೆಯಲ್ಲಿ ಕೈ ಕಡಿಮೆ ಇದ್ದವು. ಇದು ಆಗದಿದ್ದರೆ ಬಂದು ನನ್ನ ಜೊತೆ ಕಂಡಿಕೆ ಸುತ್ತು, ಅದರಲ್ಲೇನು ತಪ್ಪು ಎಂದರು. ತಪ್ಪೇನೂ ಇಲ್ಲ, ನನಗೆ ಬೇಡವಾಗಿತ್ತು ಅಷ್ಟೇ.

ಅಕ್ಕೋರಿಗೆ ವಿಷಯ ತಿಳಿದದ್ದೇ ತಡ, ನನ್ನ ಖೋಲಿಗೆ ಬಂದು ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕುಳಿತರು. ಧ್ವನಿ ಯಾವಾಗ ಕಡಿಯುತ್ತದೆ ಎಂದು ಕೇಳಿದರು. ಯಾವಾಗಲೂ ಎಂದೆ. "ಯಾವಾಗ್ಲೂ ಅನ್ನೂದು ಯಾವ ಲೆಕ್ಕಾ ತಂಗಿ?" ಎಂದು ಅಲ್ಲೇ ಕುಳಿತು ಮಧ್ಯಾಹ್ನವಿಡೀ ನನ್ನ ಕರೆಗಳನ್ನು ಕೇಳಿದರು. ನಡುನಡುವೆ ಎದ್ದು ಹೋಗಿ ಮನೆಯಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ನೋಡಿ ಬರುತ್ತಿದ್ದರು. ಸಂಜೆಗೆ ಅವರಿಗೆ ಎರಡು ಕಾರಣ ಸಿಕ್ಕಿದ್ದವು. ಒಂದು, ಗೋಡೆ. ಇನ್ನೊಂದು, ನನ್ನ ಗಂಡ. ಅವರು ಸೀರೆಗಳ ಫೋಟೋಗಳನ್ನು ವ್ಯಾಪಾರಿಗಳಿಗೆ ಒಟ್ಟೊಟ್ಟಿಗೆ ಕಳಿಸುವಾಗಲೆಲ್ಲ ನನ್ನ ಧ್ವನಿ ಅದರ ಹಿಂದೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ನನಗೆ ಗಂಡನ ಮೇಲೆ ಸಿಟ್ಟು ಬಂತು. ಅಕ್ಕೋರಿಗೆ ಆನಂದವಾಗಿತ್ತು, ಕಾರಣ ಸಿಕ್ಕಿತಲ್ಲ.

ಓಣಿಯಲ್ಲಿ ಎಲ್ಲರೂ ಹೇಳಿದ್ದು ಬೂಸ್ಟರ್ ಹಾಕು ಎಂದು. ಅಕ್ಕೋರು ಒಪ್ಪಲಿಲ್ಲ. ಬೂಸ್ಟರ್ ಎಂದರೆ ಅರ್ಧಮರ್ಧ ಕೇಳಿಸಿಕೊಂಡದ್ದನ್ನೇ ಮತ್ತೆ ಜೋರಾಗಿ ಹೇಳುವವನು, ನಿನಗೆ ಬೇಕಾದದ್ದು ಅವನಲ್ಲ ಎಂದರು. ಮುಂಬಾಗಿಲಿನ ಡಬ್ಬಿಯಿಂದ ನಡುಮನೆಗೆ ಒಂದು ವೈರು ಎಳೆಯಬೇಕು. ಅಲ್ಲಿ ಬಾಗಿಲ ಚೌಕಟ್ಟಿನ ಮೇಲೆ ಬೇರೆ ವೈಫೈ ಡಬ್ಬಿ ಕೂಡಿಸಿ, ಮುಂದಿನದರ ವೈಫೈ ಬಂದ್ ಮಾಡಿ, ಮನೆಯ ನೆಟ್ಟೆಲ್ಲ ಹೊಸದರ ಮೂಲಕವೇ ಹೋಗುವಂತೆ ಮಾಡಬೇಕು. ಆ ಡಬ್ಬಿಗೆ ಒಂದು ಬುದ್ಧಿ ಇರಬೇಕು: ಮಾತು ಬಂದರೆ ಮಾತಿಗೆ ಮೊದಲು ದಾರಿ ಬಿಟ್ಟು, ಫೋಟೋ ಧಾರಾವಾಹಿಗಳನ್ನು ಸರತಿಯಲ್ಲಿ ನಿಲ್ಲಿಸುವ ಬುದ್ಧಿ.

ಇಲ್ಲಿಂದ ಮುಂದೆ ಅಕ್ಕೋರು ಒಂದು ಹೊಸ ಲೋಕಕ್ಕೇ ಹೊರಟುಹೋದರು. ಇಂಥ ಡಬ್ಬಿಗಳ ಒಳಗೆ ಕಂಪನಿ ಬರೆದ ಒಂದು ಪ್ರೋಗ್ರಾಮ್ ಇರುತ್ತದಂತೆ, ಅದಕ್ಕೆ ಫರ್ಮ್‌ವೇರ್ ಎನ್ನುತ್ತಾರಂತೆ. ಒಂದೆರಡು ವರ್ಷಕ್ಕೆ ಕಂಪನಿಯವರು ಹೊಸ ಮಾಲು ಮಾರುವ ಗಡಿಬಿಡಿಯಲ್ಲಿ ಹಳೆಯದರ ಪ್ರೋಗ್ರಾಮನ್ನು ತಿದ್ದುವುದೇ ಬಿಡುತ್ತಾರಂತೆ. ಡಬ್ಬಿ ಗಟ್ಟಿಮುಟ್ಟಾಗಿದ್ದರೂ ಒಳಗಿನ ತೂತುಗಳನ್ನು ಮುಚ್ಚುವವರಿಲ್ಲ. ಆದರೆ ಅದೇ ಡಬ್ಬಿಗಳಿಗೆ ಜಗತ್ತಿನ ಎಲ್ಲೆಲ್ಲೋ ಕುಳಿತ ಜನ ಸೇರಿ ಬೇರೆ ಫರ್ಮ್‌ವೇರ್ ಬರೆದಿದ್ದಾರೆ. ಅದು ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಾಕಿಕೊಳ್ಳಬಹುದು. ಮಾತಿಗೆ ಮೊದಲು ದಾರಿ ಬಿಡುವ ಬುದ್ಧಿಯೂ ಅದರಲ್ಲಿದೆ. ಇದನ್ನೆಲ್ಲ ಅವರು ಜಮಖಂಡಿಯ ಬಸ್ಸಿನಲ್ಲಿ ನನಗೆ ಹೇಳಿದ್ದು. ಪುಕ್ಕಟೆಯಾಗಿ ಇಷ್ಟೆಲ್ಲ ಯಾಕೆ ಮಾಡುತ್ತಾರೆ ಅವರು ಎಂದು ಕೇಳಿದೆ. ಅದನ್ನೇ ನಾನೂ ಯೋಚಿಸುತ್ತಿದ್ದೇನೆ ಎಂದು ಕಿಟಕಿಯಾಚೆ ಕಬ್ಬಿನ ಹೊಲ ನೋಡತೊಡಗಿದರು.

ಜಮಖಂಡಿಯ ಅಂಗಡಿಕಾರ ಅವರ ಹಳೆಯ ವಿದ್ಯಾರ್ಥಿ. ತಲೆ ಅರ್ಧ ಬೆಳ್ಳಗಾದ ಮನುಷ್ಯ, ಅಕ್ಕೋರನ್ನು ಕಂಡು ಕುರ್ಚಿಯಿಂದ ಎದ್ದವನು ನಾವು ಹೊರಬೀಳುವವರೆಗೂ ಕೂಡಲಿಲ್ಲ. ಆರು ಆಂಟೆನಾಗಳ ಕರೀ ಡಬ್ಬಿಯೊಂದನ್ನು ತಂದಿಟ್ಟ, ನೋಡಿದರೆ ಮಗುಚಿಬಿದ್ದ ಏಡಿಯ ಹಾಗಿತ್ತು. ಅಕ್ಕೋರು ಒಳಗಿನ ಚಿಪ್ಪು ಯಾರದು, ಮೆಮೊರಿ ಎಷ್ಟು ಎಂದು ಕೇಳಿದರು. ಇಷ್ಟು ವರ್ಷ ಅಂಗಡಿ ನಡೆಸಿದ್ದೇನೆ, ಒಳಗಿನ ಚಿಪ್ಪು ಕೇಳಿದ ಗಿರಾಕಿ ನೀವೇ ಮೊದಲು ಎಂದ ಆತ.

"ಮತ್ತ ನೀ ಏನ್ ನೋಡಿ ಮಾರ್ತಿ?"

"ಕೊಂಬು ನೋಡಿರಿ, ಅಕ್ಕೋರ."

ನಾನು ನಗು ತಡೆಯಲಾರದೆ ಹೊರಗೆ ನೋಡಿದೆ. ಅಕ್ಕೋರು ನಗಲಿಲ್ಲ. ಕೊಂಬು ಎಷ್ಟಿದ್ದರೂ ಚಿಪ್ಪಿನ ಗುಟ್ಟನ್ನು ಅದರ ಕಂಪನಿ ಬಿಟ್ಟುಕೊಡದಿದ್ದರೆ ಹೊರಗಿನವರ ಪ್ರೋಗ್ರಾಮಿಗೆ ಅದರ ವೈಫೈ ಮಣಿಯುವುದಿಲ್ಲ ಎಂದು ಆತನಿಗೆ ಅಲ್ಲೇ ಒಂದು ಪಾಠ ಮಾಡಿದರು. ಯಾವ ಡಬ್ಬಿಗೆ ಓಪನ್ ಸೋರ್ಸ್ ಫರ್ಮ್‌ವೇರ್ ಕೂಡುತ್ತದೆ ಎಂದು ಆ ಜನ ತಮ್ಮ ವೆಬ್‌ಸೈಟಿನಲ್ಲಿ ಹಾಕಿದ್ದನ್ನು ಅವರು ಮೊದಲೇ ಓದಿಕೊಂಡು ಬಂದಿದ್ದರು. ಅಂಗಡಿಯ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಬೋರಲು ಹಾಕುತ್ತ ಹೋದರು. ಕೊನೆಗೆ ಗಾಜಿನ ಕಪಾಟಿನಲ್ಲಿ ತೋರಿಸಲು ಇಟ್ಟಿದ್ದ, ಧೂಳು ಹಿಡಿದ ಒಂದು ಸಣ್ಣ ಬಿಳಿ ಡಬ್ಬಿ ಸಿಕ್ಕಿತು. ತಳದ ಚೀಟಿ ಓದಿ, ಫೋನಿನಲ್ಲಿ ತಾಳೆ ನೋಡಿ, ಇದು ನಮ್ಮದು ಎಂದರು. ಒಯ್ದು ನಾಲ್ಕು ದಿನ ಹಚ್ಚಿ ನೋಡಿರಿ, ಪಾಸಾದರೆ ಆಮೇಲೆ ಮಾತು ಎಂದ ಅಂಗಡಿಕಾರ.

ಆ ನಾಲ್ಕು ದಿನ ನನಗೆ ಸ್ವರ್ಗ. ಅಕ್ಕೋರು ಹೊಸ ಫರ್ಮ್‌ವೇರ್ ಹಾಕಿದರು. ಪಾಸ್‌ವರ್ಡ್ ಮಾತ್ರ ನನ್ನ ಕೈಯಿಂದಲೇ ಬರೆಸಿದರು, ನಾನು ಬರೆಯುವಾಗ ಗೋಡೆಯ ಕಡೆ ಮುಖ ಮಾಡಿ ಕುಳಿತರು. ನೀವು ನೋಡಿದರೇನಾಯಿತು ಎಂದರೆ, ನಿನ್ನ ಮನೆಯ ಕೀಲಿ ನನಗ್ಯಾಕೆ ಎಂದರು. ಆಮೇಲೆ ಫೋನನ್ನು ಆರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಮನೆಯ ಮೂಲೆ ಮೂಲೆಗೆ ಹೋಗಿ ವೈಫೈ ಎಲ್ಲಿ ಎಷ್ಟು ಬರುತ್ತದೆ ಎಂದು ನೋಡಿದರು. ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಗಳ ಹಿಂದೆ ಯಾಕೆ ಕಡಿಮೆಯಾಗುತ್ತದೆ ಎಂದು ತಿಳಿಯಲು ಅತ್ತೆಯ ಕೈಯಿಂದ ಡಬ್ಬಿಗಳನ್ನೆಲ್ಲ ಕೆಳಗೆ ಇಡಿಸಿದರು. ನನ್ನ ಗಂಡ ಎಷ್ಟು ಫೋಟೋ ಕಳಿಸಿದರೂ ಧ್ವನಿ ಕಡಿಯಲಿಲ್ಲ. ಗಂಡನ ಮೇಲಿನ ಸಿಟ್ಟೂ ಇಳಿಯಿತು.

ಐದನೆಯ ದಿನ ಅಕ್ಕೋರು ಆ ಡಬ್ಬಿಗೆ ಅದರ ಹಳೆಯ ಪ್ರೋಗ್ರಾಮನ್ನೇ ವಾಪಸು ಹಾಕಿ, ಒರೆಸಿ, ಚೀಲಕ್ಕೆ ಇಟ್ಟುಕೊಂಡರು. ಇದನ್ನೇ ಇಟ್ಟುಕೊಳ್ಳೋಣ ಎಂದೆ. ಅವರು ನನ್ನನ್ನು ಎಷ್ಟು ಗಾಬರಿಯಿಂದ ನೋಡಿದರೆಂದರೆ, ಕಳವು ಮಾಡೋಣ ಎಂದಿದ್ದರೂ ಹಾಗೆ ನೋಡುತ್ತಿರಲಿಲ್ಲ. ಅವರ ತಂದೆ ಕೈಮಗ್ಗದವರು. ಆ ಕಾಲದ ರೀತಿ ಎಂದರೆ, ವ್ಯಾಪಾರಿ ನಮೂನೆಯ ಸೀರೆ ತೋರಿಸುತ್ತಾನೆ. ಕೊಳ್ಳುವವರು ಅದನ್ನು ತಿರುವಿ ಮುರುವಿ, ಹಿಂದಿನ ಎಳೆ ನೋಡಿ, ಬೆಳಕಿಗೆ ಹಿಡಿದು ಪಾಸು ಮಾಡುತ್ತಾರೆ. ಹತ್ತು ಕೈ ಮುಟ್ಟಿದ ಆ ಸೀರೆ ವ್ಯಾಪಾರಿಯ ಹತ್ತಿರವೇ ಉಳಿಯಬೇಕು, ಕೊಂಡವರಿಗೆ ಹೋಗುವುದು ಹೊಸ ಮಾಲು. ನಮೂನೆ ಪಾಸಾದ ಮೇಲೆ ಬಂದ ಮಾಲನ್ನು ಮತ್ತೆ ಬಿಚ್ಚಿ ನೋಡುವುದು ನೇಯ್ದವನಿಗೆ ಮಾಡಿದ ಅವಮಾನ. ಅಂಗಡಿಕಾರನೂ ಇದೇ ನೀರು ಕುಡಿದವನು. ನಾವು ನಮೂನೆ ವಾಪಸು ಕೊಟ್ಟಾಗ ಅದೇ ಹೆಸರಿನ, ಅದೇ ನಂಬರಿನ ಸೀಲು ಒಡೆಯದ ಡಬ್ಬಿಯನ್ನು ಎರಡೂ ಕೈಯಿಂದ ಕೊಟ್ಟ. ಇಬ್ಬರಿಗೂ ಸಮಾಧಾನ.

ಶನಿವಾರ ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ಸೀಲು ಒಡೆದರು. ಫರ್ಮ್‌ವೇರ್ ಹಾಕಲು ಹೋದರೆ ಡಬ್ಬಿ ಒಪ್ಪಲಿಲ್ಲ. ಮೊನ್ನೆ ಒಪ್ಪಿದ್ದು ಇವತ್ತು ಯಾಕೆ ಒಪ್ಪುವುದಿಲ್ಲ ಎಂದು ಅಕ್ಕೋರು ಹಟಕ್ಕೆ ಬಿದ್ದರು. ಹಿಂದಿನ ಗುಂಡಿ ಒತ್ತಿ ಹಿಡಿದು ಬಲವಂತವಾಗಿ ಹಾಕುವ ಇನ್ನೊಂದು ದಾರಿ ಇದೆಯಂತೆ, ಆ ದಾರಿಯಿಂದ ಹಾಕಿದರು. ದೀಪಗಳೆಲ್ಲ ಒಮ್ಮೆ ಹತ್ತಿ ಆರಿದವು. ಒಂದು ಮಾತ್ರ ಮಿಣುಕುತ್ತ ಉಳಿಯಿತು. ಏನು ಮಾಡಿದರೂ ಆ ಡಬ್ಬಿ ಏಳಲಿಲ್ಲ.

ಆಗ ಅವರು ಅದನ್ನು ಬೋರಲು ಹಾಕಿದರು. ಹೆಸರು ಅದೇ, ನಂಬರು ಅದೇ. ಆದರೆ ಕೊನೆಗೆ ಇರುವೆಯಷ್ಟು ಅಕ್ಷರದಲ್ಲಿ ಎರಡನೆಯ ಆವೃತ್ತಿ ಎಂದಿತ್ತು. ಕಂಪನಿಯವರು ಹೊರಗಿನ ಹೆಸರು ಹಾಗೆಯೇ ಇಟ್ಟು ಒಳಗಿನ ಚಿಪ್ಪನ್ನೇ ಬದಲಿಸಿದ್ದರು. ಓಣಿಯ ಎಲ್ಲರ ಮಿಕ್ಸರು ಇಸ್ತ್ರಿಗಳ ತಳ ನೋಡಿದ ಹೆಂಗಸು, ನಮೂನೆ ಪಾಸಾಗಿದೆ ಎಂಬ ಒಂದೇ ಮರ್ಯಾದೆಗೆ ಕಟ್ಟುಬಿದ್ದು ಇದರ ತಳ ನೋಡಿರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಅಕ್ಕೋರು ನನ್ನನ್ನು ಸಮಾಧಾನ ಮಾಡಲಿಲ್ಲ. ಎದ್ದು ನೇರ ಅತ್ತೆಯ ಹತ್ತಿರ ಹೋದರು.

"ವೈನಿ, ಸೋಮವಾರ ಫೋನ್ ಕಡದ್ರ ಅದು ನಿಮ್ಮ ಸೊಸಿ ತಪ್ಪಲ್ಲ. ನಂದು. ಡಬ್ಬಿ ಬ್ಯಾಡ ಅಂತ ಹೇಳಿತ್ತು, ನಾ ಕೇಳಲಿಲ್ಲ. ಆಕಿನ್ನ ಕೆಲಸಾ ಬಿಡಸಬ್ಯಾಡ್ರಿ."

ಅತ್ತೆ ಕಂಡಿಕೆ ಸುತ್ತುವುದು ನಿಲ್ಲಿಸಿ, "ಬಿಡಸಾಕ ನಾ ಯಾರ್ರಿ ಅಕ್ಕೋರ? ಬಿಡಸವ್ರು ಆ ಕಂಪನಿಯವ್ರು" ಎಂದರು.

ಅಂಗಡಿಗೆ ಫೋನ್ ಮಾಡಿದರೆ, ಇದ್ದ ಹೊಸ ಮಾಲೆಲ್ಲ ಎರಡನೆಯ ಆವೃತ್ತಿಯದೇ. ಕಂಪನಿಯ ಪ್ರೋಗ್ರಾಮ್ ಇಟ್ಟುಕೊಂಡೇ ಅಂಥದೊಂದನ್ನು ಹಚ್ಚಬಹುದಿತ್ತು, ಆದರೆ ಮಾತಿಗೆ ದಾರಿ ಬಿಡುವ ಬುದ್ಧಿ ಅದಕ್ಕಿರಲಿಲ್ಲ. ಬೇರೆ ಕಡೆಯಿಂದ ತರಿಸಿದರೆ ವಾರ ಬೇಕು. ಹಾಗಾದರೆ ಆ ನಮೂನೆಯ ಡಬ್ಬಿಯನ್ನೇ ಕೊಡು ಎಂದರೆ, ಅದನ್ನು ಅವತ್ತೇ ಬೆಳಿಗ್ಗೆ ಮಹಾಲಿಂಗಪುರದ ಒಬ್ಬ ಬೆಲ್ಲದ ವ್ಯಾಪಾರಿಗೆ ಮಾರಿಬಿಟ್ಟಿದ್ದ. "ನಮೂನಿ ಮಾರಿದ್ಯಾ?" ಎಂದು ಅಕ್ಕೋರು ಕೇಳಿದ್ದಕ್ಕೆ, ತಪ್ಪಾಯಿತು ಎಂದು ಆ ವ್ಯಾಪಾರಿಯ ಅಂಗಡಿಯ ಗುರುತು ಹೇಳಿದನಂತೆ.

ರವಿವಾರ ಬೆಳಿಗ್ಗೆ ನಾವಿಬ್ಬರೂ ಮಹಾಲಿಂಗಪುರದ ಬಸ್ಸು ಹತ್ತಿದೆವು. ಸ್ಟ್ಯಾಂಡಿನಲ್ಲಿ ಇಳಿದು, ಗದ್ದಲದಲ್ಲಿ ಕೇಳುತ್ತ ಕೇಳುತ್ತ ಬೆಲ್ಲದ ಪೇಟೆಗೆ ಹೋದೆವು. ವ್ಯಾಪಾರಿ ವಯಸ್ಸಾದವರು, ಹಣೆಯ ತುಂಬ ವಿಭೂತಿ, ಬೆಲ್ಲದ ದೊಡ್ಡ ಗಟ್ಟಿಗಳ, ಅಂದರೆ ಪೆಂಟಿಗಳ ನಡುವೆ ಗಾದಿಯ ಮೇಲೆ ಕುಳಿತಿದ್ದರು. ಡಬ್ಬಿ ಹಿಂದಿನ ಹಲಗೆಯ ಮೇಲೆ ಇತ್ತು, ಇನ್ನೂ ಹಚ್ಚಿರಲಿಲ್ಲ. ನಮ್ಮ ಬೇಡಿಕೆ ಕೇಳಿ ಅವರ ಕಣ್ಣು ಸಣ್ಣಗಾದವು.

"ಹೊಸಾದು ಕೊಡ್ತೇವಿ, ಬಳಸಿದ್ದು ಕೊಡ್ರಿ ಅಂತೀರಿ. ಇಷ್ಟ್ ದಿನದಾಗ ಹಿಂಗ ಕೇಳಿದವರನ್ನ ನಾ ನೋಡಿಲ್ಲ. ಇದರಾಗ ಅಂಥಾದ್ದೇನೈತ್ರಿ?"

ನಾನು ನನ್ನ ಕೆಲಸದ ಕಥೆ ಹೇಳಲು ಬಾಯಿ ತೆರೆದೆ. ಅಕ್ಕೋರು ತಡೆದರು. ವ್ಯಾಪಾರಿಯ ಎದುರಿಗೆ ಒಂದು ಪೆಂಟಿಯ ಮೂಲೆ ಒಡೆದು ಇಟ್ಟಿದ್ದರು. ಇದು ನಮೂನೆಯೇನು ಎಂದು ಕೇಳಿದರು. ಹೌದು, ಇದನ್ನು ನೋಡಿ, ಬಾಯಿಗೆ ಹಾಕಿಕೊಂಡು ಆಮೇಲೆ ಮಾಲಿನ ಮಾತಾಡುತ್ತಾರೆ ಎಂದರು ವ್ಯಾಪಾರಿ. ನಮೂನೆಯ ಹಾಗೆ ಮಾಲು ಬರದಿದ್ದರೆ ಏನು ಮಾಡುತ್ತೀರಿ ಎಂದು ಅಕ್ಕೋರು ಕೇಳಿದರು. ಬಂದೇ ಬರುತ್ತದೆ, ಬರದಿದ್ದರೆ ಆ ಮನುಷ್ಯನ ಜೊತೆ ಮತ್ತೆ ವ್ಯವಹಾರವೇ ಇಲ್ಲ ಎಂದರು ಅವರು.

"ನಾನೂ ಹಂಗ ತಿಳಕೊಂಡಿದ್ದೆರಿ. ನಿಮ್ಮ ಹಲಗಿ ಮ್ಯಾಲಿರೂದು ನಮೂನಿ. ನಾವು ಪಾಸ್ ಮಾಡಿದ್ದು ಅದು. ನಮಗ ಬಂದ ಮಾಲು ಬ್ಯಾರೆ."

ವ್ಯಾಪಾರಿ ಅಂಗಡಿಕಾರನಿಗೆ ಫೋನ್ ಹಚ್ಚಿ, ಖರೆ ಏನು ಎಂದು ಎರಡು ಮಾತಿನಲ್ಲಿ ಕೇಳಿ ಇಟ್ಟರು. ನಮೂನೆ ಮಾರಬಾರದಿತ್ತು ಅವನು, ಎಂದು ತಲೆ ಅಲ್ಲಾಡಿಸಿ, ಕೈ ಚಾಚಿ ಡಬ್ಬಿ ತೆಗೆದು ಕೊಟ್ಟರು. ಅವರ ಮನೆಗೆ ಬೇಕಾದದ್ದು ಬರೀ ವೈಫೈ. ಹೊಸ ಸೀಲಿನ ಡಬ್ಬಿ ಅಂಗಡಿಯಿಂದ ಅವರಿಗೆ ಹೋಗುವುದೆಂದು ಮಾತಾಯಿತು. ಇಷ್ಟಾದ ಮೇಲೆ ನಾನು ಎದ್ದು ನಿಂತರೆ ಅಕ್ಕೋರು ಏಳಲೇ ಇಲ್ಲ. ಬೆಲ್ಲದ ಬಣ್ಣ ನೋಡಿ ಏನೇನು ತಿಳಿಯುತ್ತದೆ, ತೀರ ಬೆಳ್ಳಗಿದ್ದದ್ದನ್ನು ಯಾಕೆ ಅನುಮಾನಿಸಬೇಕು, ಗಾಣದಲ್ಲಿ ಪಾಕ ಇಳಿಸುವ ಹೊತ್ತು ಹೇಗೆ ಗೊತ್ತಾಗುತ್ತದೆ ಎಂದು ಕೇಳುತ್ತ ಕುಳಿತರು. ಆ ಮನುಷ್ಯರಿಗೂ ಕೇಳುವವರು ಸಿಕ್ಕ ಸಂತೋಷ. ನನ್ನ ಜೀವ ಸೋಮವಾರದಲ್ಲಿತ್ತು, ಅಕ್ಕೋರ ಜೀವ ಬೆಲ್ಲದ ಕೊಪ್ಪರಿಗೆಯಲ್ಲಿ. ಕೈ ಹಿಡಿದು ಎಳೆದುಕೊಂಡೇ ಬಸ್ಸಿಗೆ ಬಂದೆ. ಅವತ್ತೇ ರಾತ್ರಿ ಅಕ್ಕೋರು ಆ ಡಬ್ಬಿಗೆ ಮತ್ತೆ ಹೊಸ ಫರ್ಮ್‌ವೇರ್ ಹಾಕಿ ನಡುಮನೆಯಲ್ಲಿ ಹಚ್ಚಿದರು.

ಸೋಮವಾರ ಅಧಿಕಾರಿ ಕರೆಗಳನ್ನು ಕೇಳುವ ಹೊತ್ತಿಗೆ ಅಕ್ಕೋರು ನನ್ನ ಖೋಲಿಯ ಹೊರಗೆ ಅತ್ತೆಯ ಪಕ್ಕದಲ್ಲಿ ಕುಳಿತಿದ್ದರು. ನನ್ನ ಗಂಡನಿಗೆ ಬೇಕೆಂದೇ ಫೋಟೋ ಕಳಿಸಲು ಹೇಳಿದ್ದರಂತೆ. ಆಮೇಲೆ ತಿಳಿದು ಹೌಹಾರಿದೆ. ಪರೀಕ್ಷೆ ಅಂದಮೇಲೆ ಕಠಿಣ ಲೆಕ್ಕವೇ ಇರಬೇಕಲ್ಲ ಎಂದರು. ಧ್ವನಿ ಒಮ್ಮೆಯೂ ಕಡಿಯಲಿಲ್ಲ. ಕೆಲಸ ಉಳಿಯಿತು. ನಾನು ಹೊರಗೆ ಬಂದು ಹೇಳಿದಾಗ ಅತ್ತೆ ಒಳಗೆ ಹೋಗಿ ಸಕ್ಕರೆ ತಂದು ನಮ್ಮಿಬ್ಬರ ಬಾಯಿಗೂ ಹಾಕಿದರು.

ಆ ಸತ್ತ ಡಬ್ಬಿಯನ್ನು ಅಕ್ಕೋರು ಬಿಡಲಿಲ್ಲ. ಮೇಜಿನ ಮೇಲೆ ಬಿಚ್ಚಿಟ್ಟು, ಒಳಗಿನ ಚಿಪ್ಪುಗಳ ಹೆಸರನ್ನು ಭೂತಗನ್ನಡಿಯಲ್ಲಿ ಓದಿ, ಫೋಟೋ ತೆಗೆದು, ಫರ್ಮ್‌ವೇರ್ ಬರೆಯುವ ಆ ಜನಕ್ಕೆ ಇಂಗ್ಲಿಷಿನಲ್ಲಿ ಬರೆದು ಕಳಿಸಿದರು. ಯಾವ ದೇಶದವರೋ ಒಬ್ಬರು ಇನ್ನೊಂದು ಮೂಲೆಯ ಫೋಟೋ ಕೇಳಿದರು. ಇವರು ಕಳಿಸಿದರು. ಹೀಗೇ ಬಹಳ ದಿನ ನಡೆಯಿತು. ಒಂದು ದಿನ ಎರಡನೆಯ ಆವೃತ್ತಿಗೂ ಫರ್ಮ್‌ವೇರ್ ಬಂತು. ಅಷ್ಟೊತ್ತಿಗೆ ಆ ಡಬ್ಬಿಯನ್ನು ಎಬ್ಬಿಸುವುದನ್ನು ಕಲಿತಿದ್ದ ಅಕ್ಕೋರು ಅದನ್ನು ಹಾಕಿ, ತಮ್ಮನ ಮನೆಯಲ್ಲಿ ಹಚ್ಚಿದರು. ಪುಕ್ಕಟೆಯಾಗಿ ಯಾಕೆ ಮಾಡುತ್ತಾರೆ ಎಂದು ನಾನು ಕೇಳಿದ್ದಕ್ಕೆ ಉತ್ತರ ಸಿಕ್ಕಿತೇ ಎಂದು ಕೇಳಿದೆ. "ಸಿಕ್ತು. ಭಾಳ ಮಜಾ ಬರತೈತಿ, ಅದಕ್ಕ ಮಾಡ್ತಾರ" ಎಂದರು.

ನಮ್ಮ ಡಬ್ಬಿಗೆ ಫರ್ಮ್‌ವೇರಿನ ಹೊಸ ಆವೃತ್ತಿ ಬಂದಾಗಲೆಲ್ಲ ಅವರನ್ನು ಕರೆಯುತ್ತಿದ್ದೆ. ಬರುತ್ತಿದ್ದರು, ಆದರೆ ಕೈ ಹಚ್ಚುತ್ತಿರಲಿಲ್ಲ. ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕುಳಿತು, ಅಲ್ಲಿ ಏನು ಬರೆದಿದೆ ಓದು ಎನ್ನುತ್ತಿದ್ದರು. ನನಗೆ ಕೆಟ್ಟ ಸಿಟ್ಟು ಬರುತ್ತಿತ್ತು. ನೀವೇ ಮಾಡಿದರೆ ಒಂದು ನಿಮಿಷದ ಕೆಲಸ ಎಂದು ಬೈಯುತ್ತಲೇ ಮಾಡುತ್ತಿದ್ದೆ. ಅವರು ಹಾಸಿಗೆ ಹಿಡಿದ ಮೇಲೆ ಒಮ್ಮೆ ನಾನೊಬ್ಬಳೇ ಮಾಡಿ, ಹೋಗಿ ಹೇಳಿದೆ. ಹೆದರಿಕೆ ಆಯಿತೇನು ಎಂದು ಕೇಳಿದರು. ಆಯಿತು ಎಂದೆ. "ಛಲೋ ಆತು. ಹೆದರಿಕಿ ಇದ್ದವರು ಪೂರ್ತಿ ಓದ್ತಾರ. ನನಗ ಅವತ್ತ ಹೆದರಿಕಿ ಇರಲಿಲ್ಲ ನೋಡು" ಎಂದು ನಕ್ಕರು.

ಅತ್ತೆ ಈ ನಡುವೆ ಕಂಡಿಕೆಯ ಚರಕವನ್ನು ನನ್ನ ಖೋಲಿಯ ಬಾಗಿಲ ಹೊರಗೆ ತಂದಿಟ್ಟುಕೊಂಡಿದ್ದರು. ಯಾಕೆಂದು ನಾನು ಕೇಳಿರಲಿಲ್ಲ. ಊಟಕ್ಕೆ ಕುಳಿತಾಗ ಒಮ್ಮೊಮ್ಮೆ, ಆ ಬೀಳಗಿಯ ಮುದುಕಿಯ ಕಣ್ಣಿನ ಆಪರೇಷನ್ ಆಯಿತೇನು, ಮುಧೋಳದ ಆ ಮನುಷ್ಯನಿಗೆ ಒಪ್ಪಿಗೆ ಸಿಕ್ಕಿತೇನು ಎಂದು ಕೇಳುತ್ತಿದ್ದರು. ನನ್ನ ಕರೆಗಳನ್ನೆಲ್ಲ ಅವರು ಕೇಳಿಸಿಕೊಳ್ಳುತ್ತಿದ್ದರು. ಮಂದಿಯ ಮಾತು ಹೊರಗೆ ಆಡಬಾರದು ಎಂದರೆ, ಹೊರಗೆಲ್ಲಿ ಆಡಿದೆ, ನಿನ್ನ ಹತ್ತಿರವೇ ಆಡುತ್ತಿದ್ದೇನಲ್ಲ ಎನ್ನುತ್ತಿದ್ದರು.

ಅಕ್ಕೋರು ಹೋದ ಬೆಳಿಗ್ಗೆ ನಾನು ಕೆಲಸದಲ್ಲಿದ್ದೆ. ಬಾಗಲಕೋಟೆಯ ಒಂದು ಆಸ್ಪತ್ರೆಯಿಂದ ಒಬ್ಬ ಮನುಷ್ಯ ಮಾತಾಡುತ್ತಿದ್ದ. ಹೆಂಡತಿಯನ್ನು ಆಪರೇಷನ್ನಿಗೆ ಒಳಗೆ ಒಯ್ಯಬೇಕು, ವಿಮೆಯ ಒಪ್ಪಿಗೆ ಇನ್ನೂ ಬಂದಿಲ್ಲ. ಅವನ ಕಾಗದಗಳನ್ನು ನೋಡುತ್ತಿದ್ದಾಗ ಹೊರಗೆ ಏನೋ ಬದಲಾಯಿತು. ಮೊದಲು ಪಕ್ಕದ ಮನೆಯ ಮಗ್ಗಗಳು ನಿಂತವು. ಆಮೇಲೆ ಎದುರಿನ ಮನೆಯವು. ಆಮೇಲೆ ನಮ್ಮವು. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಮಗ್ಗಗಳು ಹೀಗೆ ಒಂದರ ಹಿಂದೊಂದು ನಿಲ್ಲುತ್ತವೆ, ಯಾರೂ ಬಂದು ಹೇಳಬೇಕಾಗುವುದಿಲ್ಲ. ಒಂದು ನಿಮಿಷ ಎಂದು ಆ ಮನುಷ್ಯನಿಗೆ ಹೇಳಿ ಮೈಕು ಬಂದ್ ಮಾಡಿ, ಹೆಡ್‌ಫೋನ್ ತೆಗೆದು ಎದ್ದೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಕಣ್ಣು ಕೆಂಪಗಾಗಿದ್ದವು. ಬಂದು ನನ್ನ ಹೆಗಲು ಹಿಡಿದು ಕುರ್ಚಿಯಲ್ಲಿ ಕೂಡಿಸಿದರು.

"ಮಣ್ಣು ಕೊಡೂದು ಸಂಜಿಗೆ. ಆ ಮನಷ್ಯಾ ಅಲ್ಲೆ ಒಬ್ಬಾವನ ನಿಂತಾನ, ಅವಂದು ಮುಗಿಸಿ ಬಾ. ನೀ ಕೆಲಸದ ಮ್ಯಾಲ ಅದಿ ಅಂತ ಅಕ್ಕೋರಿಗೆ ನಾ ಹೋಗಿ ಹೇಳ್ತೇನಿ."

ಸೆರಗು ಸರಿಮಾಡಿಕೊಂಡು ಅವರು ಹೋದರು. ನಾನು ಕಣ್ಣೊರೆಸಿಕೊಂಡು ಹೆಡ್‌ಫೋನ್ ಹಾಕಿಕೊಂಡೆ, ಮೈಕಿನ ಗುಂಡಿ ಒತ್ತಿ, "ಹೇಳ್ರಿ ಅಣ್ಣಾರ, ಕೇಳಾಕತ್ತೇನಿ" ಎಂದೆ.